ಭೂಮಿಕಾಳ ಹರಕೆ

ಚಿನಕುರಳಿಯ ಭೂಮಿಕಾ ಮೈಸೂರಿನ ಕಾಲೇಜಿನಲ್ಲಿ ಮಾನವಶಾಸ್ತ್ರ ಓದುತ್ತಿದ್ದಳು. ಮನುಷ್ಯ ಭಯಕ್ಕೆ ಹರಕೆ ಕಟ್ಟಿಕೊಳ್ಳುತ್ತಾನೆ ಎಂದು ಮೇಷ್ಟ್ರು ಹೇಳಿದ್ದು ಅವಳಿಗೆ ಸರಿಯೆನಿಸಿತ್ತು. ರಜೆಗೆ ಊರಿಗೆ ಬಂದ ದಿನವೇ ಮನೆಯ ಹಸು ಕರು ಹಾಕಲಾರದೆ ಒದ್ದಾಡಿತು. ಡಾಕ್ಟರು ಬರುವಷ್ಟರಲ್ಲಿ ಅವಳು ತನಗೇ ಅರಿವಿಲ್ಲದೆ ಮಾರಮ್ಮನಿಗೆ ತಂಬಿಟ್ಟಿನ ಆರತಿ ಹರಸಿಕೊಂಡುಬಿಟ್ಟಿದ್ದಳು. ಡಾಕ್ಟರು ಕರುವನ್ನು ಎಳೆದು ತೆಗೆದರು. ಹಸು, ಕರು ಎರಡೂ ಉಳಿದವು.

ವಿಷಯ ಕೇಳಿ ಅವ್ವ ನಕ್ಕಳು. "ದೇವ್ರೆಲ್ಲ ಬರೀ ಭಯ ಅಂತಿದ್ದೆ. ನೀನ್ಯಾಕೆ ಅರಕೆ ಕಟ್ಕೊಂಡೆ?"

"ಗೊತ್ತಿಲ್ಲ ಕಣವ್ವ. ಉಳಿಸಿದ್ದು ಡಾಕ್ಟ್ರೇ. ಆದ್ರೂ ಆರತಿ ತಪ್ಸಕ್ಕೆ ಧೈರ್ಯ ಇಲ್ಲ."

"ಅಂಗಾದ್ರೆ ಅಕ್ಕಿ ನೆನೆಯಾಕು, ಬುಡು."

ಮಂಗಳವಾರ ಆರತಿ ಹೊತ್ತು ಗುಡಿಯ ಮುಂದೆ ನಿಂತಾಗಲೂ, ತಾನು ಕೈಮುಗಿಯಲು ಬಂದೆನೋ, ಕೈಮುಗಿಯುವವರನ್ನು ನೋಡಲು ಬಂದೆನೋ ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಹಿಂದಿದ್ದ ಹೆಂಗಸು, "ಬೇಗ ಇಳ್ಸವ್ವ, ನಾವೂ ನಿಂತಿದ್ದೀವಿ" ಎಂದಳು. ಭೂಮಿಕಾ ಗಾಬರಿಯಲ್ಲಿ ಆರತಿ ಇಳಿಸಿದಳು.