ನನಗಿಂತ ಮೊದಲು ಓದಿದವಳು

ನನಗೆ ದೆವ್ವದ ಮೇಲೆ ನಂಬಿಕೆ ಇರಲಿಲ್ಲ. ಪಿಎಚ್.ಡಿ.ಯ ಎರಡನೆಯ ವರ್ಷ ಸಾಹಿತ್ಯ ಸಮೀಕ್ಷೆಯ ಅಧ್ಯಾಯಕ್ಕೆ ಕೈಹಾಕಿದೆ, ಹೆದರಿಕೆ ಅಲ್ಲಿಂದ ಶುರುವಾಯಿತು.

ನನ್ನ ವಿಷಯ ನಮ್ಮ ಮನೆಯದೇ: ಬನಹಟ್ಟಿಯಲ್ಲಿ ಕೈಮಗ್ಗಕ್ಕೆ ಹಣಿಗೆ ಕೆಚ್ಚುವ ಹೆಂಗಸರು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು, ನೇಯ್ದು ಮುಗಿದಾಗ ಅದರ ನೂಲನ್ನು ಪೂರ್ತಿ ಕಿತ್ತು ಹಾಕುವುದಿಲ್ಲ. ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಅದೇ ಕೆಚ್ಚುವುದು. ಒಂದೆಳೆ ಬಿಟ್ಟರೂ ಸೀರೆಯುದ್ದಕ್ಕೂ ಗೀರು ಬೀಳುತ್ತದೆ. ಅವ್ವ ಈ ಕೆಲಸ ಮಾಡಿಯೇ ನನ್ನನ್ನು ಓದಿಸಿದಳು.

ಜಮಖಂಡಿಯಲ್ಲಿ ನನ್ನ ಮಾರ್ಗದರ್ಶಕರು ಮೊದಲ ಕರಡಿನ ಎರಡು ಹಾಳೆ ತಿರುವಿ ವಾಪಸು ಕೊಟ್ಟರು.

“ಇದು ಕಿರಾಣಿ ಯಾದಿ ಆಗೈತವಾ. ಇವರು ಹಿಂಗಂದ್ರು, ಅವರು ಹಂಗಂದ್ರು. ಯಾರು ಯಾರ ಮಾತಿಗೆ ಉತ್ತರ ಕೊಟ್ಟಾರ, ಎಲ್ಲಿ ಬಂದು ಸುಮ್ಮನಾಗ್ಯಾರ, ಅದನ್ನ ಬರಿ. ಅವರು ಸುಮ್ಮನಾದಲ್ಲಿಂದ ನಿನ್ನ ಮಾತು ಶುರು ಆಗಬೇಕು.”

ಮತ್ತೆ ಗ್ರಂಥಾಲಯ ಹಿಡಿದೆ. ನೇಕಾರಿಕೆಯ ಮೇಲಿನ ಯಾವ ಪುಸ್ತಕ ತೆಗೆದರೂ ಅಂಚಿನಲ್ಲಿ ಒಂದೇ ಕೈಯ ಸಣ್ಣ ಪೆನ್ಸಿಲ್ ಅಕ್ಷರ. ‘ಹೆಂಗಸರು ಎಲ್ಲಿ?’ ಎಂದು ಒಂದು ಕಡೆ. ‘ಇವರು ಮಗ್ಗದ ಮನೆಗೆ ಹೋಗಿಲ್ಲ’ ಎಂದು ಇನ್ನೊಂದು ಕಡೆ. ನನಗೆ ಹೊಳೆದ ಪ್ರಶ್ನೆ ನನಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತಿತ್ತು. ಮೊದಮೊದಲು ಖುಷಿಯಾಯಿತು, ಆಮೇಲೆ ಸಿಟ್ಟು ಬಂತು, ಕೊನೆಗೆ ಹೆದರಿಕೆ. ಮಟಮಟ ಮಧ್ಯಾಹ್ನ, ತಲೆಯ ಮೇಲೆ ಫ್ಯಾನು ಗರಗರ ಅನ್ನುವಾಗ, ಯಾರೋ ಹೆಗಲ ಹಿಂದೆ ನಿಂತು ಓದುತ್ತಿದ್ದಾರೆ ಎನಿಸಿ ತಿರುಗಿ ನೋಡುತ್ತಿದ್ದೆ. ಖಾಲಿ ಬೆಂಚುಗಳಿರುತ್ತಿದ್ದವು.

ಅಷ್ಟರಲ್ಲಿ ಒಂದು ವಾಕ್ಯ ಬರೆದಾಗಿತ್ತು: ‘ಹಣಿಗೆ ಕೆಚ್ಚುವವರ ಕುರಿತು ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ.’ ನನ್ನ ಪ್ರಬಂಧ ನಿಂತದ್ದೇ ಅದರ ಮೇಲೆ.

ಕೆಳಗಿನ ಕಪಾಟಿನಲ್ಲಿ ಒಬ್ಬಾಕೆಯ ಎಂ.ಫಿಲ್. ಪ್ರಬಂಧ ಸಿಕ್ಕಿತು. ಟೈಪು ಮಾಡಿದ ಹಾಳೆಗಳು, ತಿದ್ದುಪಡಿಗಳೆಲ್ಲ ಅದೇ ಪೆನ್ಸಿಲ್ ಅಕ್ಷರದಲ್ಲಿ. ವಿಷಯ ನನ್ನದೇ. ಮೊದಲ ಪುಟದಲ್ಲಿ ಬೀಳಗಿ ತಾಲೂಕಿನ ಒಂದು ಹಳ್ಳಿಯ ವಿಳಾಸವಿತ್ತು. ಆ ಹಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿದೆ.

“ಅದನ್ನ ಇದುವರೆಗೂ ಯಾರೂ ಕೇಳಿಲ್ಲ ಬಿಡ್ರಿ” ಎಂದ ಗ್ರಂಥಪಾಲಕ.

ಆ ಮಾತು ನನಗೆ ಸಕ್ಕರೆಯಾಯಿತು. ಯಾರೂ ಕೇಳದ್ದು ಇಲ್ಲದ್ದಕ್ಕೆ ಸಮ ಎಂದು ನನಗೆ ನಾನೇ ಹೇಳಿಕೊಂಡು, ಪ್ರಬಂಧವನ್ನು ಹಳೆಯ ವರದಿಗಳ ಹಿಂದೆ ತುರುಕಿ ಬಂದೆ. ಕಳ್ಳತನವೇ ಅದು. ಬೇರೆ ಹೆಸರು ಕೊಡಲು ನನಗೆ ಈಗ ಮನಸ್ಸಿಲ್ಲ.

ಒಂದು ವಾರ ಒಂದು ಸಾಲೂ ಬರೆಯಲಾಗಲಿಲ್ಲ. ಪೆನ್ನು ಹಿಡಿದರೆ ಆಕೆಯ ಅಕ್ಷರ ನೆನಪಾಗಿ ಬೆರಳು ನಿಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು. ಹೋಗಿ ಮತ್ತೆ ಅದನ್ನು ಹೊರತೆಗೆದು ಕೊನೆಯವರೆಗೂ ಓದಿದೆ. ಕೊನೆಯ ಪುಟದಲ್ಲಿ ಹೀಗಿತ್ತು: ‘ಇವರ ಕಣ್ಣುಗಳು ಎಷ್ಟು ವರ್ಷ ತಾಳುತ್ತವೆ ಎಂಬುದು ನನಗೆ ತಿಳಿಯಲಿಲ್ಲ. ಮುಂದೆ ಬರುವವರು ಕೇಳಬೇಕು.’ ಅದರ ಹಿಂದೆ ಮಾಹಿತಿ ಕೊಟ್ಟ ಹೆಂಗಸರ ಪಟ್ಟಿ. ಏಳನೆಯದು ನಮ್ಮವ್ವನ ಹೆಸರು.

ಪುಟಗಳ ಫೋಟೋ ಹೊಡೆದುಕೊಂಡು ಬನಹಟ್ಟಿಯ ಬಸ್ಸು ಹತ್ತಿದೆ. ಅವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಬ್ಬಾಗಿ ಅವಳು ಹಣಿಗೆ ಬಿಟ್ಟು ಎರಡು ವರ್ಷವಾಗಿತ್ತು. ಈಗ ಕಲ್ಲನ್ನು ಬೆರಳಿನಿಂದಲೇ ಹುಡುಕಿ ತೆಗೆಯುತ್ತಿದ್ದಳು. ಅವಳ ಪಕ್ಕದಲ್ಲೇ ಕೂತು ನೂರೆಂಟು ಪ್ರಶ್ನೆ ಕೇಳಿದ್ದ ನಾನು ಕಣ್ಣಿನ ಬಗ್ಗೆ ಒಂದೂ ಕೇಳಿರಲಿಲ್ಲ.

“ಬೀಳಗಿ ಕಡೆಯಿಂದ ಒಬ್ಬಾಕಿ ಬರಕೊಂಡು ಹೋಗಿದ್ಲೇನವ್ವಾ?”

“ಹೂಂ. ನೀ ಆಗ ಹೊಟ್ಟ್ಯಾಗಿದ್ದಿ. ಭಾಳ ಛಲೋ ಹುಡುಗಿ. ಬರದು ಕೊಟ್ಟ ವರ್ಷನ ಜಡ್ಡಾಗಿ ತೀರಿಕೊಂಡ್ಲಂತ.”

“ನನಗ್ಯಾಕ ಹೇಳಲಿಲ್ಲ?”

“ಆಕಿ ಬರದದ್ದು ಓದೇ ಬಂದಿರ್ತಿ ಅಂತ ತಿಳಿದಿದ್ನಿ. ಮೊದಲಿನವರು ಬರದದ್ದನ್ನ ಓದೂದ ನಿಮ್ಮ ಕೆಲಸ ಅಲ್ಲೇನು?”

ಆಕೆ ಬರೆದ ಪುಟಗಳು ಫೋನಿನಲ್ಲಿವೆ ಎಂದೆ. ಅವ್ವ ಓದಿ ಹೇಳು ಎಂದಳು. ಅವಳು ಹೇಳಿದ್ದ ಮಾತುಗಳನ್ನೇ, ನಾನು ಹುಟ್ಟುವ ಮೊದಲಿನವುಗಳನ್ನು, ಫೋನಿನಿಂದ ಓದಿದೆ. ಜೋಳದ ಮೊರ ಪಕ್ಕಕ್ಕಿಟ್ಟು ಕೇಳಿದಳು. ‘ಕಣ್ಣು ನೋಯುವುದಿಲ್ಲ ಎಂದು ಎಲ್ಲರೂ ಹೇಳಿದರು’ ಎಂಬ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದಳು.

“ಅದು ಸುಳ್ಳವಾ. ಆಗನ ನೋಯತಿದ್ದು, ನೀರು ಸುರೀತಿದ್ದು. ಹೇಳಿದ್ರ ಕೆಲಸ ತಪ್ಪತೈತಿ ಅಂತ ಎಲ್ಲಾರೂ ಮಾತಾಡ್ಕೊಂಡು ಇಲ್ಲ ಅಂದಿದ್ವಿ. ಆಕಿ ನಂಬಲಿಲ್ಲ, ನನ್ನ ಕಣ್ಣ ನೋಡಕೊಂತ ಕುಂತಿದ್ಲು.”

‘ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ’ ಎಂಬ ನನ್ನ ವಾಕ್ಯವನ್ನು ಹೊಡೆದುಹಾಕಿದ್ದೇನೆ. ನನ್ನ ಸಮೀಕ್ಷೆ ಈಗ ಆಕೆಯ ಹೆಸರಿನಿಂದ ಶುರುವಾಗುತ್ತದೆ. ಕಣ್ಣಿನ ಪ್ರಶ್ನೆ ಹಿಡಿದು ಮತ್ತೆ ಮನೆಮನೆ ತಿರುಗಿ ಒಂದು ವರ್ಷ ಹಿಂದೆ ಬಿದ್ದೆ ಎಂದು ಮಾರ್ಗದರ್ಶಕರು ಗೊಣಗಿದರು, ಗೊಣಗಲಿ. ಆ ದಿನ ಬಾಗಿಲಲ್ಲಿ ಅವ್ವ ನನ್ನ ಮಣಿಕಟ್ಟು ಹಿಡಿದು ಹೇಳಿದ್ದು ಇಷ್ಟೇ:

“ಸತ್ತಾಕೀಗೆ ಸುಳ್ಳು ಹೇಳಿ ಕಳಿಸೇನಿ. ಈಗ ಖರೆ ಹೇಳತೇನಿ, ಆಕಿ ಬರದದ್ದರ ಕೆಳಗ ಬರಿ.”