ಕೈಮಾತು ಕಡಿಯದ ಹಾಗೆ

ತರೀಕೆರೆ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಸುಲೋಚನಮ್ಮನವರ ನಡುಮನೆಯಲ್ಲಿ ಭವ್ಯ ಸ್ಟೂಲಿನ ಮೇಲೆ ನಿಂತು ಗೋಡೆಯ ಮೋಡೆಮ್ ಹಿಂದೆ ಕೈ ಹಾಕಿದ್ದಾರೆ. ಒಳಗೆ ಕೂದಲಿನಷ್ಟು ತೆಳು ಗಾಜಿನ ಎಳೆ ಇರುವ ವೈರು, ಮಡಚಿದರೆ ಕೆಟ್ಟಿತು.

“ಆರೂವರೆಗೆ ನನ್ ಮಗ ಫೋನಿಗೆ ಬತ್ತಾನೆ. ಅಷ್ಟ್ರೊಳಗೆ ಆಯ್ತದೇನಮ್ಮ?” ಸುಲೋಚನಮ್ಮ ಕೇಳುತ್ತಾರೆ.

“ಆಯ್ತದೆ ಬಿಡಿ. ಅದಕ್ಕೇ ಅಲ್ವಾ ನಿಮ್ಮೂರ ಕೋಳಿಗಿಂತ ಮುಂಚೆ ಬಂದಿರೋದು?”

ಭವ್ಯ ದೇವನೂರಿನ ತಿಮ್ಮಪ್ಪನವರ ಮಗಳು. ಮನೆಗೆ ಒಂದಿಷ್ಟು ಖುಷ್ಕಿ ಜಮೀನು, ತೆಂಗಿನ ತೋಟ. ಐಟಿಐ ಮುಗಿಸಿ ಕಡೂರಿನ ಇಂಟರ್‌ನೆಟ್ ಆಫೀಸೊಂದಕ್ಕೆ ಸೇರಿದ್ದು ಫೋನಿನಲ್ಲಿ ದೂರು ಬರೆದುಕೊಳ್ಳಲು. ಲೈನಿನ ಹುಡುಗರು ಕೈಕೊಟ್ಟ ಒಂದು ದಿನ ತಾವೇ ಏಣಿ ಹತ್ತಿದರು. ಈಗ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಅವರ ಸ್ಕೂಟರ್ ಓಡುತ್ತದೆ. ದಿನಕ್ಕೆ ಆರೇಳು ಮನೆ. ತೆಂಗಿನ ಗರಿ ಬಿದ್ದರೆ ವೈರು ಹೋಯಿತು, ಅಳಿಲು ಕಡಿದರೂ ಹೋಯಿತು. ಎಮ್ಮೆದೊಡ್ಡಿ ಕಡೆ ಲೈನು ಕಿತ್ತರೆ ಬಿಸಿಲಲ್ಲಿ ಹುಲ್ಲುಗಾವಲಿನುದ್ದಕ್ಕೂ ನಡೆದು ಹುಡುಕಬೇಕು.

“ಗಂಡಸ್ರು ಯಾರೂ ಇಲ್ವಾ ಅಂತ ಕೇಳ್ತಾರೆ. ಅವ್ರೆ, ಮಲ್ಗವ್ರೆ. ನಾನ್ ಮಾಡ್ಲಾ, ಅವ್ರು ಎದ್ದೋಳೋವರ್ಗೂ ಕಾಯ್ತೀರಾ ಅಂತೀನಿ” ಎಂದು ನಗುತ್ತಾರೆ.

ಈ ಮನೆಯ ಕೆಲಸ ಬೇರೆ ಥರದ್ದು. ಸುಲೋಚನಮ್ಮನ ಮಗ ದುಶ್ಯಂತ್‌ಗೂ ಸೊಸೆ ಶರ್ಮಿಳಾಗೂ ಕಿವಿ ಕೇಳಿಸುವುದಿಲ್ಲ. ಅವನು ಹಾಸನದ ಗಾರ್ಮೆಂಟ್ಸ್‌ನಲ್ಲಿದ್ದಾನೆ, ಅವಳು ಇಲ್ಲಿ ಅತ್ತೆಯ ಜೊತೆ. ಗಂಡ ಹೆಂಡತಿಯ ಸಂಸಾರವೆಲ್ಲ ವಿಡಿಯೋ ಕರೆಯಲ್ಲಿ, ಕೈಯಲ್ಲಿ, ಮುಖದಲ್ಲಿ. ದನಿ ಒಂದು ಗಳಿಗೆ ಕಡಿದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಚಿತ್ರ ನಿಂತರೆ ಮಾತೇ ನಿಂತ ಹಾಗೆ.

ಹೋದ ವಾರ ಆದದ್ದೂ ಅದೇ. ಹಬ್ಬಕ್ಕೆ ರಜೆ ಸಿಗಲಿಲ್ಲವೆಂದು ಅವನು ಹೇಳಿದ. ಶರ್ಮಿಳಾ ತಮಾಷೆಗೆ ಮುಖ ಗಂಟಿಕ್ಕಿದಳು.

“ಆ ಸಿಟ್ಟಿನ ಮುಖ ಅಲ್ಲೇ ನಿಂತ್ಬಿಡ್ತು ಕಣಮ್ಮ. ಆಮೇಲೆ ಇವ್ಳು ನಕ್ಕಿದ್ದು ಅವ್ನಿಗೆ ಕಾಣ್ಲೇ ಇಲ್ಲ. ದುರುಗುಟ್ಕೊಂಡು ಕೂತವ್ಳೆ ಅಂತ ಫೋನ್ ಮಡಗ್ದ. ಇವತ್ತಿನವರ್ಗೂ ಕರೆ ಇಲ್ಲ. ಮೆಸೇಜ್ ಹಾಕಿದ್ಳು. ಮೆಸೇಜಲ್ಲಿ ಮುಖ ಇರಲ್ವಲ್ಲ?” ಇಂದು ಒಂದು ಸಲ ಬಾ ಎಂದು ತಾಯಿ ಬೇಡಿದ್ದಕ್ಕೆ ಒಪ್ಪಿದ್ದಾನೆ. ಆರೂಮುಕ್ಕಾಲಿಗೆ ಅವನ ಕಂಪನಿ ಬಸ್ಸು.

ಕಾರಣವನ್ನು ಭವ್ಯ ಹಿಂದಿನ ದಿನವೇ ಕಂಡುಹಿಡಿದಿದ್ದರು. ಸಣ್ಣ ಮೋಡೆಮ್ ಒಂದೇ ಎರಡು ಕೆಲಸ ಹೊತ್ತು ಸುಸ್ತಾಗಿತ್ತು: ಲೈನು ತೆಗೆದುಕೊಳ್ಳುವುದು, ಮನೆಗೆಲ್ಲ ವೈಫೈ ಹಂಚುವುದು. ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದರೆ ಬಂದದ್ದನ್ನು ಮುಂದಕ್ಕೆ ದಾಟಿಸುವುದಷ್ಟೇ ಅದರ ಪಾಲು. ಲಾಗಿನ್, ಹಂಚಿಕೆ ಎಲ್ಲ ಹೊಸ ರೌಟರ್‌ನದು. “ಇಬ್ರೂ ಯಜಮಾನಿಕೆ ಮಾಡ್ಬಾರ್ದು. ಒಬ್ರು ಸುಮ್ನಿರ್ಬೇಕು.”

ಮೋಡೆಮ್ ಬ್ರಿಡ್ಜ್ ಮೋಡ್‌ಗೆ ಹೋಯಿತು. ರೌಟರ್‌ಗೆ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿದ್ದೂ ಆಯಿತು. ಆದರೆ ದೀಪ ಕೆಂಪಗೇ ಇದೆ. ಆರೂ ಇಪ್ಪತ್ತು. ಮೋಡೆಮ್‌ನ ಹಳೆಯ ಲಾಗಿನ್ ಇನ್ನೂ ಚಾಲ್ತಿಯಲ್ಲಿದೆ, ಆಫೀಸಿನವರು ಅದನ್ನು ಬಿಡಿಸಬೇಕು. ಇಷ್ಟು ಹೊತ್ತಿಗೆ ಅಲ್ಲಿ ಫೋನ್ ಎತ್ತುವವರಿಲ್ಲ. ಉಳಿದದ್ದು ಒಂದೇ ದಾರಿ: ಎರಡನ್ನೂ ಆರಿಸಿ, ಅದು ತಾನಾಗಿ ಬಿಡುವವರೆಗೆ ಕಾಯುವುದು.

ತಲೆ ಬಾಚಿ, ಫೋನನ್ನು ಕಿಟಕಿಗೆ ಒರಗಿಸಿ ಕೂತಿದ್ದ ಶರ್ಮಿಳಾ ಎದ್ದು ಬಂದು ಗಡಿಯಾರ ತೋರಿಸುತ್ತಾಳೆ. ಭವ್ಯ ಮೋಡೆಮ್ ಕಡೆ ಬೆರಳು ಮಾಡಿ, ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು ಕಣ್ಣು ಮುಚ್ಚುತ್ತಾರೆ: ಮಲಗಿದೆ. ಶರ್ಮಿಳಾಗೆ ನಗು ಬರುವುದಿಲ್ಲ. ಸೆರಗಿನ ತುದಿ ಹಿಂಡುತ್ತಾ ನಿಲ್ಲುತ್ತಾಳೆ. ಆರೂವರೆ ದಾಟುತ್ತದೆ. “ಹೋಯ್ತು, ಬಸ್ ಹತ್ಬಿಡ್ತಾನೆ” ಎಂದು ಸುಲೋಚನಮ್ಮ ಬಾಗಿಲಿಗೂ ಕಿಟಕಿಗೂ ಓಡಾಡುತ್ತಾರೆ. ಭವ್ಯ ಎರಡರ ಸ್ವಿಚ್ಚನ್ನೂ ಮತ್ತೆ ಹಾಕುತ್ತಾರೆ.

ದೀಪ ಹಸಿರಾಗುತ್ತದೆ. ಸ್ವಲ್ಪ ಹೊತ್ತಿಗೆ ಫೋನಿನ ಪರದೆ ಬೆಳಗುತ್ತದೆ.

ಭವ್ಯ ತಕ್ಷಣ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. “ಬೇರೆ ಮನೇಲಾದ್ರೆ ಗಂಡ ಹೆಂಡ್ತಿ ಮಾತಾಡುವಾಗ ಆಚೆ ಹೋಗ್ತೀನಿ. ಇಲ್ಲಿ ಲೈನ್ ನಿಲ್ಲುತ್ತೋ ಇಲ್ವೋ ನೋಡ್ಬೇಕಿತ್ತು, ಬಿಟ್ಟು ಹೋಗಂಗಿಲ್ಲ. ಅವರ ಮಾತು ಕೇಳ್ಬಾರ್ದು ಅಂದ್ರೆ ಕಣ್ಣೇ ತಿರುಗಿಸ್ಬೇಕಲ್ವಾ?” ಎಂದು ಆಮೇಲೆ ವಿವರಿಸಿದರು.

ಬೆನ್ನ ಹಿಂದೆ ಬಳೆಯ ಸದ್ದು ಜೋರಾಗುತ್ತದೆ. ಸುಲೋಚನಮ್ಮನ ದನಿಯೊಂದೇ ಸುದ್ದಿ: “ಬಿಗ್ಕೊಂಡು ಕೂತವ್ನೆ ನೋಡು... ಅಯ್ಯೋ, ಇವ್ಳು ಬೇಕಂತ್ಲೇ ಅದೇ ಮುಖ ಮಾಡ್ತಾವ್ಳೆ ಕಣಮ್ಮ! ಲೇ, ಸಾಕು ಬಿಡೇ!... ಹಾ, ಈಗ ನಗ್ತಾವ್ಳೆ. ಕಾಣ್ತು, ಅವ್ನಿಗೆ ಕಾಣ್ತು. ನಗ್ತಾವ್ನೆ!”

ಭವ್ಯ ಗೋಡೆಗೆ ಮುಖ ಮಾಡಿಯೇ ಉಸಿರು ಬಿಡುತ್ತಾರೆ.

ಯಾರೋ ಭುಜ ತಟ್ಟುತ್ತಾರೆ. ಶರ್ಮಿಳಾ. ಪರದೆಯಲ್ಲಿ ದುಶ್ಯಂತ್ ಚೀಲ ಹೆಗಲಿಗೇರಿಸಿಕೊಂಡೇ ಏನೋ ಕೇಳುತ್ತಿದ್ದಾನೆ.

“ನೀನ್ಯಾರು, ಹೆಸ್ರೇನು ಅಂತಾವ್ನೆ” ಎನ್ನುತ್ತಾರೆ ಸುಲೋಚನಮ್ಮ. “ನಾವು ಕರೆಯೋ ಹೆಸ್ರು ಇವ್ರಿಗೆ ಆಗ್ಬರಲ್ಲ. ಆಳು ನೋಡಿ ಇವ್ರೇ ಒಂದು ಇಡ್ತಾರೆ. ನನ್ನ ಹೆಸ್ರು ಹಿಂಗೆ.” ಮೂಗುತಿಯನ್ನು ಬೆರಳಿಂದ ಮುಟ್ಟಿ ತೋರಿಸುತ್ತಾರೆ.

ಶರ್ಮಿಳಾ ಭವ್ಯರನ್ನು ಒಮ್ಮೆ ನೋಡಿ, ಅಂಗೈಯನ್ನು ಕಣ್ಣಿನ ಪಕ್ಕಕ್ಕೆ ಅಡ್ಡ ಹಿಡಿದು, ಮೆಲ್ಲಗೆ ಮುಖ ಆಚೆ ತಿರುಗಿಸುತ್ತಾಳೆ. ಅತ್ತ ಹಾಸನದಲ್ಲಿ ದುಶ್ಯಂತ್ ಅದನ್ನೇ ಮಾಡಿ, ಕೈಮುಗಿದು, ಬಸ್ಸಿಗೆ ಓಡುತ್ತಾನೆ.

ಓಣಿಯಲ್ಲಿ ಸ್ಕೂಟರಿಗೆ ಏಣಿ ಕಟ್ಟುತ್ತಾ ಭವ್ಯ ಹೇಳುತ್ತಾರೆ: “ಎಲ್ಲಾ ಕಡೆ ನಾನು ನೆಟ್ಟಿನೋಳು. ಹೆಸ್ರು ಕೇಳೋರೇ ಕಮ್ಮಿ. ಇವ್ರು ಕೇಳಿದ್ದಷ್ಟೇ ಅಲ್ಲ, ಒಂದು ಕೊಟ್ರು ಕಣ್ರೀ.” ಹಗ್ಗ ಬಿಗಿದ ಮೇಲೆ, ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಆ ಹೆಸರನ್ನು ಒಂದು ಸಲ ತಮ್ಮ ಕೈಯಿಂದಲೇ ಹೇಳಿಕೊಳ್ಳುತ್ತಾರೆ.