ಮೋಡದಣ್ಣ ಒರೆಸಿದ ಚುಕ್ಕೆ

ನಗರಪಾಲಿಕೆಯ ನಕ್ಷೆ ವಿಭಾಗದಲ್ಲಿ ಅವನನ್ನು ಎಲ್ಲರೂ ಮೋಡದಣ್ಣ ಅಂತಲೇ ಕರೆಯುತ್ತಿದ್ದರು. ಊರಿನ ಯಾವ ಬೀದಿ ಯಾವ ಕಾಲದಲ್ಲಿ ಎಷ್ಟು ಬಿಸಿಯಾಗುತ್ತದೆ ಎಂದು ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡುವುದು ಅವನ ಕೆಲಸ. ಅಡ್ಡ ಬಂದ ಮೋಡಗಳನ್ನು ಅಳಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. "ಬಟ್ಟೆ ಒಣಗ್ತಿಲ್ಲ ಕಣಯ್ಯ, ನಮ್ಮನೆ ಮೇಲಿಂದೂ ಸ್ವಲ್ಪ ಒರೆಸು" ಎಂದು ಟೈಪಿಸ್ಟಮ್ಮ ಕಾಲೆಳೆಯುತ್ತಿದ್ದರು.

ಅವನದೊಂದು ನಿಯಮವಿತ್ತು. ನಕ್ಷೆಯ ಒಂದು ಚೌಕವೆಂದರೆ ಒಂದು ಸಣ್ಣ ಬೀದಿ. ಸುತ್ತಲಿನ ಚೌಕಗಳಿಗಿಂತ ಅದು ನಾಲ್ಕು ಡಿಗ್ರಿ ಹೆಚ್ಚುಕಡಿಮೆಯಾದರೆ ಮೋಡವೋ ಯಂತ್ರದ ತಪ್ಪೋ ಎಂದುಕೊಂಡು ಒರೆಸಿ, ಅಲ್ಲಿ ಸುತ್ತಲಿನ ಸರಾಸರಿ ತುಂಬುತ್ತಿದ್ದ. ನಕ್ಷೆ ಚೊಕ್ಕಟವಾಗುತ್ತಿತ್ತು, ಸಾಹೇಬರು ಬೆನ್ನು ತಟ್ಟುತ್ತಿದ್ದರು. ಶಹಬ್ಬಾಸ್‌ಗಿರಿಯ ರುಚಿ ಹತ್ತಿದವನು ಒರೆಸಿದ್ದನ್ನು ತಿರುಗಿ ನೋಡುವುದುಂಟೇ?

ಒಂದು ಚಳಿಗಾಲದ ಬೆಳಿಗ್ಗೆ ಅಕ್ಕನ ಫೋನ್ ಬಂತು. ಅಮ್ಮ ಇದ್ದದ್ದು ಅವಳ ಮನೆಯಲ್ಲೇ.

"ನಮ್ಮನೆ ನೆಲ ಬೆಚ್ಚಗಿದೆ ಕಣೋ! ಅಮ್ಮ ಮಂಚ ಬಿಟ್ಟು ನೆಲದ ಮೇಲೇ ಮಲಗ್ತಾಳೆ. ಮಂಡಿನೋವು ಮಾಯ. ಹಗಲೆಲ್ಲ ನಿದ್ದೆ ಮಾತ್ರ ಜಾಸ್ತಿ ಆಗಿದೆ."

"ಪುಣ್ಯವಂತರು ಬಿಡು" ಎಂದು ನಗುತ್ತಾ ಫೋನಿಟ್ಟವನ ನಗು ಅಲ್ಲೇ ಆರಿತು. ಹತ್ತು ನಿಮಿಷದ ಹಿಂದೆ ಅವನೊಂದು ಕೆಂಪು ಚುಕ್ಕೆ ಒರೆಸಿದ್ದ. ಅದು ಅಕ್ಕನ ಬೀದಿ.

ಹಳೆಯ ಮೂಲಚಿತ್ರಗಳನ್ನು ತೆರೆದ. ಹೋದ ಚಳಿಗಾಲದಲ್ಲಿ ಚುಕ್ಕೆ ಒಂದು ಬೀದಿ ಆಚೆಗಿತ್ತು. ಅದರ ಹಿಂದಿನ ವರ್ಷ, ಎರಡು ಬೀದಿ ಆಚೆಗೆ. ಬೇಸಿಗೆಯಲ್ಲಿ ಊರೆಲ್ಲ ಕೆಂಪಾಗಿರುವಾಗ ಅದು ಕಾಣುವುದೇ ಇಲ್ಲ. ಚಳಿ ಬಿದ್ದೊಡನೆ ಒಂದು ಹೆಜ್ಜೆ ಮುಂದೆ ಬಂದು ನಿಂತಿರುತ್ತಿತ್ತು. ಐದು ವರ್ಷ ಹಿಂದಕ್ಕೆ ಹೋದಾಗ ಅದು ಹುಟ್ಟಿದ ಜಾಗ ಸಿಕ್ಕಿತು. ಅಕ್ಕನ ಬೀದಿಯವರೆಗೂ ಹಬ್ಬಿದ್ದ ಹಳೆಯ ಕಸದ ಗುಂಡಿಯ ಆ ತುದಿ. ಗುಂಡಿಗೆ ಮಣ್ಣು ಮುಚ್ಚಿ ಸಾಲುಮನೆ ಕಟ್ಟಿದ್ದರು. ಒಳಗೊಳಗೇ ಕಸಕ್ಕೆ ಬೆಂಕಿ ಹಿಡಿದಿತ್ತು. ಐದು ವರ್ಷವೂ ಅದನ್ನು ಒರೆಸಿದವನು ಅವನೇ. ಭಯವಾಯಿತು, ಭಯಕ್ಕಿಂತ ನಾಚಿಕೆ ಹೆಚ್ಚಾಯಿತು.

ಉಷ್ಣಮಾಪಕ ಜೇಬಿಗೆ ಹಾಕಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದ. ದಾರಿಯಲ್ಲಿ ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ಅವನು ತಲುಪುವಾಗ ಅಕ್ಕ ತರಕಾರಿ ಚೀಲ ಹಿಡಿದು ಬಾಗಿಲು ತೆಗೆಯುತ್ತಿದ್ದಳು. ಚಳಿಗೆ ಕಿಟಕಿಗಳೆಲ್ಲ ಭದ್ರ. ಅಡುಗೆಮನೆಯ ನೆಲಕ್ಕೆ ಕೆನ್ನೆಯೊತ್ತಿ ಅಮ್ಮ ಮಲಗಿದ್ದಳು, ಮುಖದಲ್ಲಿ ಸಣ್ಣ ನಗು. ಕರೆದರೆ ಓಗೊಡಲಿಲ್ಲ.

"ಪಾಪ, ನಿದ್ದೆ ಕೆಡಿಸ್ಬೇಡ್ವೋ."

"ಇದು ನಿದ್ದೆಯಲ್ಲಕ್ಕ. ಕೆಳಗೆ ಬೆಂಕಿಯಿದೆ, ಅದರ ವಿಷಗಾಳಿ ಮೇಲೆ ಬರ್ತಿದೆ. ಕಾಲು ಹಿಡ್ಕೋ!"

"ನಿಂಗೇನು ತಲೆ ಕೆಟ್ಟಿದ್ಯಾ?"

ನೆಲದ ಬಿರುಕಿಗೆ ಅವನು ಉಷ್ಣಮಾಪಕ ಇಳಿಸಿದ. ನೋಡುನೋಡುತ್ತಲೇ ಎಪ್ಪತ್ತು ದಾಟಿತು. ಅಕ್ಕ ಚೀಲ ಬಿಸಾಕಿ ಅಮ್ಮನ ಕಾಲು ಹಿಡಿದಳು.

ಹೊರಗಿನ ತಣ್ಣನೆಯ ಗಾಳಿಗೆ ಅಮ್ಮ ಕೆಮ್ಮಿ ಕಣ್ಣು ಬಿಟ್ಟಳು. "ಚಳಿಗ್ಯಾಕ್ರೋ ತಂದು ಹಾಕಿದ್ರಿ?" ಎಂದು ಗೊಣಗಿದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಅಗ್ನಿಶಾಮಕದವರಿಗೆ ಫೋನ್ ಮಾಡಿ ಮುಗಿಸಿದ ಅಕ್ಕ ಅವನನ್ನೇ ದಿಟ್ಟಿಸಿದಳು. "ಯಾವತ್ತಿಂದ ಇದೆ ಇದು?"

"ಐದು ವರ್ಷದಿಂದ. ನಾನೇ ಒರೆಸ್ತಿದ್ದೆ."

ಆಗಲೇ ಅವನು ಬೀದಿಯನ್ನು ನೋಡಿದ್ದು. ನಡು ಮಧ್ಯಾಹ್ನವಾದರೂ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೆಟ್ಟಿಲುಗಳ ಮೇಲೆ ಹಾಯಾಗಿ ಮಲಗಿದ್ದ ನಾಯಿಗಳು ಇಷ್ಟು ಗಲಾಟೆಗೂ ತಲೆಯೆತ್ತಲಿಲ್ಲ. ಅವನು ಓಡಿಹೋಗಿ ಪಕ್ಕದ ಮನೆಯ ಬಾಗಿಲನ್ನು ಎರಡೂ ಕೈಯಿಂದ ಬಡಿದ. ಒಳಗಿನಿಂದ ಯಾರೂ ಓಗೊಡಲಿಲ್ಲ.